ವಿಜಯಪುರದಲ್ಲಿ ಕಡಲಮೀನಿನ ಸಂಘ

ವಿಜಯಪುರದವರಿಗೆ ನೀರಿನ ವಿಷಯವಾಗಿ ಯಾರೂ ಪಾಠ ಹೇಳಬೇಕಾದದ್ದಿಲ್ಲ. ನೀರಿಲ್ಲದ ನೆಲದಲ್ಲಿ ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆಯನ್ನು ಈ ಊರು ಆದಿಲಶಾಹಿಯ ಕಾಲದಿಂದಲೂ ಬಲ್ಲದು. 1620ರಲ್ಲಿ ಕಟ್ಟಿದ ತಾಜ್ ಬಾವಡಿ, 1651ರ ಬೇಗಂ ತಲಾಬ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿದು ಬರುತ್ತಿದ್ದ ಏರ್ಪಾಡು, ಕುಮಟಗಿಯ ಜಲಮಂದಿರಗಳು, ಬಬಲೇಶ್ವರದ ಕಡೆಗೆ ಮಮದಾಪುರದ ಕೆರೆ, ಇವುಗಳನ್ನು ನೋಡಿ ಬೆಳೆದವರು ನಾವು. ಆದರೆ ಇವೆಲ್ಲ ಸಿಹಿನೀರಿನ ಕತೆ. ಸವುಳು ಬಾವಿಗಳಿಂದ ಬೇಸತ್ತ ಇದೇ ಊರಲ್ಲಿ ದುಡ್ಡು ಕೊಟ್ಟು ಉಪ್ಪು ತರಿಸಿ, ಒಳ್ಳೆಯ ನೀರಿನಲ್ಲಿ ಕಲಿಸಿ, ನಡುಮನೆಯಲ್ಲಿ ಇಟ್ಟುಕೊಳ್ಳುವ ಮನುಷ್ಯರಿದ್ದಾರೆಂದರೆ ಜನ ನಗದೆ ಏನು ಮಾಡಿಯಾರು? ಅಂಥವರಲ್ಲಿ ನಾವೂ ಒಬ್ಬರು. ಮೂವತ್ತು ವರ್ಷ ಹುಡುಗರಿಗೆ ಸಂಸ್ಕೃತ ಕಲಿಸಿ ನಿವೃತ್ತರಾದವರು ಈ ಹುಚ್ಚಿಗೆ ಹೇಗೆ ಬಿದ್ದೆವೆಂಬದನ್ನು ಹೇಳಿದರೆ ವಾಚಕರಿಗೆ ಸ್ವಲ್ಪ ವಿನೋದವಾದೀತು.

ಮೂಲದಲ್ಲಿ ಹುಚ್ಚು ನಮ್ಮದಲ್ಲ, ನಮ್ಮ ಮಗನದು. ಅವನು ಇನ್ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯನ್ನು ತಂದು, ಅದರಲ್ಲಿ ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳನ್ನು ಬಿಟ್ಟನು. ಆರು ತಿಂಗಳಲ್ಲಿ ನೌಕರಿ ಪುಣೆಗೆ ವರ್ಗವಾಗಲು, ತೊಟ್ಟಿಯನ್ನೂ ಮೀನುಗಳನ್ನೂ ನಮಗೊಪ್ಪಿಸಿ ಹೊರಟುಹೋದನು. ಶತಪಥಬ್ರಾಹ್ಮಣದಲ್ಲಿ ಮನುವಿನ ಕೈಗೆ ಬೆಳಗಿನ ನೀರಿನೊಡನೆ ಪುಟ್ಟ ಮೀನೊಂದು ಬಂದು, ದೊಡ್ಡ ಮೀನುಗಳಿಂದ ತನ್ನನ್ನು ಕಾಪಾಡೆಂದು ಬೇಡಿಕೊಂಡ ಕತೆಯನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದುಂಟು. ಮನುವು ಅದನ್ನು ಮೊದಲು ಕೊಡದಲ್ಲಿ, ಆಮೇಲೆ ಗುಂಡಿಯಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಟ್ಟನು. ಅವನಿಗೆ ಕೊನೆಗೊಂದು ಸಮುದ್ರವಾದರೂ ಇತ್ತು! ನಮ್ಮೂರಿಂದ ಕಾರವಾರಕ್ಕೆ ದಾರಿ ಹಿಡಿದರೆ ಮುನ್ನೂರು ಕಿಲೋಮೀಟರಿಗೂ ಮಿಕ್ಕು.

ಮೊದಲು ಕಲಿತದ್ದು ಲೆಕ್ಕ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂದಮೇಲೆ ಇನ್ನೂರು ಲೀಟರಿಗೆ ಏಳು ಕಿಲೋ. ಅಡಿಗೆಯ ಉಪ್ಪು ಇದಕ್ಕೆ ನಡೆಯುವದಿಲ್ಲ; ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಕೂಡಿದ ಉಪ್ಪನ್ನೇ ತರಿಸಬೇಕು. ನೀರಾದರೂ ಬೋರಿನದಾಗಕೂಡದು, ನಮ್ಮ ಕರಿಕಲ್ಲಿನ ನೆಲದ ನೀರು ಮೊದಲೇ ಗಡಸು. ಆರ್‌ಓ ಯಂತ್ರದ ನೀರನ್ನಾಗಲಿ, ಮಾಳಿಗೆಯಿಂದ ಹಿಡಿದ ಮಳೆಯ ನೀರನ್ನಾಗಲಿ ಬಳಸಬೇಕು. ಇದೆಲ್ಲ ಗೊತ್ತಿಲ್ಲದೆ ಮೊದಲ ತಿಂಗಳು ನಾವು ಮಾಡಿದ ಅನಾಹುತಗಳನ್ನು ಬರೆಯಹೋದರೆ ಈ ಸಂಚಿಕೆ ಸಾಲದು. ಮೀನುಗಳು ಉಳಿದದ್ದು ಅವುಗಳ ಪುಣ್ಯ.

ಉಪ್ಪಿನ ಸಲುವಾಗಿಯೇ ಸಂಘ ಹುಟ್ಟಿತು. ಮೀನಿನ ಅಂಗಡಿಯವನಿಗೆ ಉಪ್ಪು ತರಿಸಿಕೊಡೆಂದು ಕೇಳಲು, "ಒಬ್ಬರ ಸಂಬಂಧ ತರಸೂದು ಪೂರೈಸಂಗಿಲ್ರಿ, ಟಿಕೋಟಾದವರು ಒಬ್ರು ಕೇಳ್ಯಾರ, ಬಬಲೇಶ್ವರದವರು ಒಬ್ರು ಕೇಳ್ಯಾರ, ಎಲ್ಲಾರೂ ಕೂಡಿ ಹೇಳ್ರಿ" ಎಂದನು. ಈ ಜಿಲ್ಲೆಯಲ್ಲಿ ನಮ್ಮಂಥ ಹುಚ್ಚರು ಇನ್ನಿಬ್ಬರಿರುವರೆಂದು ಕೇಳಿದಾಗ ಆದ ಆನಂದವನ್ನು ಏನೆಂದು ಹೇಳೋಣ! ಫೋನ್ ನಂಬರು ಪಡೆದು ಅಂದೇ ಮಾತಾಡಿದೆವು. ಮುಂದಿನ ರವಿವಾರ ನಾಲ್ವರು ನಮ್ಮ ಮನೆಯಲ್ಲಿ ಕೂಡಿದೆವು. ಟಿಕೋಟಾದವರು ದ್ರಾಕ್ಷಿಯ ತೋಟದ ಒಡೆಯರು; ಒಣದ್ರಾಕ್ಷಿ ಮಾಡಿ ಮಾರುವವರು. ಬಬಲೇಶ್ವರದವರದು ಔಷಧದ ಅಂಗಡಿ. ನಾಲ್ಕನೆಯವನು ನಮ್ಮ ಹಳೆಯ ಶಿಷ್ಯನೇ; ಊರಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಶಬ್ದರೂಪ ಒಪ್ಪಿಸುವಾಗ ಬಾಯಿ ಬಿಡದಿದ್ದವನು ಪಂಪು, ದೀಪ, ತಾಪಮಾನಗಳ ಮಾತು ಬಂದೊಡನೆ ಒಂದು ತಾಸು ನಿಲ್ಲದೆ ಮಾತಾಡಿದನು. ನಾವು ಅವನಿಗೆ ಕಲಿಸಿದ್ದಕ್ಕಿಂತ ಹೆಚ್ಚನ್ನು ಅಂದು ಅವನೇ ನಮಗೆ ಕಲಿಸಿದನು.

ಸಂಘಕ್ಕೆ ಹೆಸರಿಡುವ ವಿಚಾರ ಬಂದಿತು. "ಸಾಮುದ್ರಮತ್ಸ್ಯಪಾಲಕಮಂಡಲ"ವೆಂದು ನಾವು ಸೂಚಿಸಲು, ಚಹ ತಂದ ನಮ್ಮ ಮನೆಯವರು ತಟ್ಟೆಯನ್ನು ಕೆಳಗಿಟ್ಟು ನಕ್ಕರು. ಸಂಘಕ್ಕೆ ಇಂದಿಗೂ ಹೆಸರಿಲ್ಲ. ಹೆಸರಿಲ್ಲದ್ದರಿಂದ ಅಧ್ಯಕ್ಷರೂ ಇಲ್ಲ, ಭಾಷಣವೂ ಇಲ್ಲ. ಇದು ಒಳ್ಳೆಯದೇ ಆಯಿತೆಂದು ಈಗ ಅನಿಸುತ್ತದೆ.

ಉಪ್ಪು ಒಟ್ಟಿಗೆ ಬಂದಿತು, ಖರ್ಚು ಇಳಿಯಿತು. ಉಪ್ಪಿನ ಅಂಶವನ್ನು ನೋಡುವ ದುರ್ಬೀನಿನಂಥ ಒಂದು ಸಾಧನವನ್ನು ನಾಲ್ವರೂ ಕೂಡಿ ಕೊಂಡೆವು. ಆದರೆ ಸಂಘದ ನಿಜವಾದ ಪ್ರಯೋಜನವು ಬೇರೊಂದು ಸಂಗತಿಯಲ್ಲಿ ತಿಳಿದುಬಂದಿತು. ಹೊಸ ತೊಟ್ಟಿಗೆ ನೀರು ತುಂಬಿದೊಡನೆ ಮೀನು ಬಿಡಲಾಗದು. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ನೈಟ್ರೈಟು ಮಾಡುವ ಸೂಕ್ಷ್ಮಜೀವಿಗಳು ಒಂದು ಜಾತಿ, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟು ಮಾಡುವವು ಇನ್ನೊಂದು ಜಾತಿ. ಇವು ತೊಟ್ಟಿಯ ಉಸುಕಿನಲ್ಲಿಯೂ ಕಲ್ಲಿನ ಮೈಮೇಲೆಯೂ ನೆಲೆಯೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ಇದನ್ನು ಶಿಷ್ಯನು ವಿವರಿಸುತ್ತಿರಲು ನಮ್ಮ ಮನೆಯವರು ಒಳಗಿನಿಂದ, "ಹಂಗಂದ್ರ ಹೆಪ್ಪು ಹಾಕಿಧಂಗ ಅನ್ನು" ಎಂದರು. ಹೌದು, ಅದು ಹೆಪ್ಪೇ. ಹಳೆಯ ತೊಟ್ಟಿಯ ಒಂದು ಬೊಗಸೆ ಉಸುಕನ್ನು ಹೊಸದಕ್ಕೆ ಹಾಕಿದರೆ ಕೆಲಸ ಬೇಗನಾಗುತ್ತದೆ. ಬಬಲೇಶ್ವರದವರ ಹೊಸ ತೊಟ್ಟಿಗೆ ನಮ್ಮ ಮನೆಯಿಂದಲೇ ಹೆಪ್ಪು ಹೋಯಿತು. ನೆರೆಮನೆಗೆ ಒಂದು ಚಮಚ ಮೊಸರು ಕೊಟ್ಟು ಬದುಕುವ ಜನಕ್ಕೆ ಸಂಘದ ಅರ್ಥವನ್ನು ಇದಕ್ಕಿಂತ ಬೇರೆ ಹೇಳಬೇಕೆ?

ಇನ್ನೊಂದು ಸಲ ಬಬಲೇಶ್ವರದವರು ಒಂದು ತಪ್ಪು ಮಾಡಿದರು. ಬೇಸಿಗೆಯಲ್ಲಿ ತೊಟ್ಟಿಯ ನೀರು ಆರಿ ಇಳಿಯುತ್ತದೆ. ಇಳಿದಷ್ಟನ್ನು ಅವರು ಉಪ್ಪುನೀರಿನಿಂದಲೇ ತುಂಬುತ್ತ ಬಂದರು. ಇದರಿಂದ ಉಪ್ಪು ಏರುತ್ತದೆಂಬದನ್ನು ಅವರಿಗೆ ತಿಳಿಹೇಳುವದರಲ್ಲಿ ನಾವು ಸೋತೆವು. ಆಗ ಟಿಕೋಟಾದವರು, "ಅಲ್ರಿ, ನಾವು ನಾಲ್ಕು ಕಿಲೋ ದ್ರಾಕ್ಷಿ ಒಣಗಿಸಿದ್ರ ಒಂದು ಕಿಲೋ ಮಣೂಕ ಆಗ್ತದ. ಹೋದದ್ದು ಬರೀ ನೀರು, ಸಿಹಿ ಎಲ್ಲಾ ಒಳಗs ಐತಿ. ನಿಮ್ಮ ಟಾಕಿಯೊಳಗ ಹೋದದ್ದೂ ಬರೀ ನೀರು" ಎಂದರು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಈ ದೃಷ್ಟಾಂತವು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ಒಂದು ವಹಿಯನ್ನು ನಾವು ಇಟ್ಟೆವು. ಮಾಸ್ತರನಿಗೆ ಹಾಜರಿಯ ಪಟ್ಟಿ ಬಿಡದು. ತಾಪಮಾನವೆಷ್ಟು, ಉಪ್ಪೆಷ್ಟು, ಯಾವ ಮೀನು ಸತ್ತಿತು, ಏಕೆ ಸತ್ತಿತು, ಎಂದು ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬರೆಯಬೇಕು. ಐದನೆಯವರೊಬ್ಬರು ಸೇರಿದ್ದರು, ಅವರ ಮನೆಯಲ್ಲಿ ವಾರಕ್ಕೊಂದು ಮೀನು ಸಾಯುತ್ತಿದ್ದಿತು, ಹೊಸದು ಬರುತ್ತಿದ್ದಿತು. ಸಾವಿನ ಸ್ತಂಭವನ್ನು ತುಂಬಲು ಮನಸ್ಸಾಗದೆ ಅವರು ಬರುವದನ್ನೇ ಬಿಟ್ಟರು. ಅವರನ್ನು ಕರೆದು ತರಲು ನಾವು ಹೋಗಲಿಲ್ಲ. ಅದು ಸರಿಯೋ ತಪ್ಪೋ, ಇಂದಿಗೂ ನಮ್ಮ ಮನೆಯಲ್ಲಿ ವಾದವುಂಟು.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ಜಗಳವಾದದ್ದು ಹವಳದ ಸಲುವಾಗಿ.

ನಮ್ಮ ಶಿಷ್ಯನು ಪರದೇಶದ ಚಿತ್ರಗಳನ್ನು ನೋಡಿದ್ದನು. ಅಲ್ಲಿಯ ಹವ್ಯಾಸಿಗಳ ತೊಟ್ಟಿಗಳಲ್ಲಿ ನೇರಳೆ, ಹಸಿರು, ಗುಲಾಬಿ ಬಣ್ಣದ ಜೀವಂತ ಹವಳಗಳು ಕೊಂಬೆಯೊಡೆದು ಬೆಳೆದಿರುತ್ತವೆ. ಬರ್ಲಿನ್ ನಗರದ ಹವ್ಯಾಸಿಗಳ ಸಂಘವು ಈ ವಿದ್ಯೆಗೆ ಒಂದು ಪದ್ಧತಿಯನ್ನೇ ಕೊಟ್ಟಿತು. ಇಂದಿಗೂ ಅದಕ್ಕೆ ಬರ್ಲಿನ್ ಪದ್ಧತಿಯೆಂದೇ ಹೆಸರು. ಅಲ್ಲಿಯ ಡೀಟ್ರಿಚ್ ಸ್ಟ್ಯೂಬರ್ ಎಂಬವರು ತಮ್ಮ ತೊಟ್ಟಿಯಲ್ಲಿ ಬೆಳೆದ ಕವಲುಹವಳದ ತುಂಡುಗಳನ್ನು ಹಂಚಲು, ಅವು ಮನೆಯಿಂದ ಮನೆಗೆ, ಊರಿಂದ ಊರಿಗೆ ಹಬ್ಬಿದವು. ನಮ್ಮ ಹೆಂಗಸರು ಮಲ್ಲಿಗೆಯ ಕಡ್ಡಿಯನ್ನು ಮುರಿದು ಕೊಡುವಂತೆಯೇ ಸರಿ. ಇದನ್ನು ಓದಿದವನಿಗೆ ಆಸೆ ಹುಟ್ಟುವದು ಸಹಜ. ಯಾರೋ ಮಾರುವವನ ಗೊತ್ತು ಹಚ್ಚಿ, ಜೀವಂತ ಹವಳದ ಒಂದು ತುಂಡಿಗೆ ನಾಲ್ಕು ಸಾವಿರ ರೂಪಾಯಿ ಮುಂಗಡ ಕೊಟ್ಟು, ಆ ಸುದ್ದಿಯನ್ನು ಸಂಘದಲ್ಲಿ ಹಿಗ್ಗಿನಿಂದ ಹೇಳಿದನು.

ನಮ್ಮ ದೇಶದಲ್ಲಿ ಇದು ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ 2001ರಲ್ಲಿ ಹವಳಗಳನ್ನು ಸೇರಿಸಿದ್ದಾರೆ; ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ನಮ್ಮ ಕಡಲಿನಿಂದ ಅದನ್ನು ಕೀಳುವದಾಗಲಿ, ಮಾರುವದಾಗಲಿ ಅಪರಾಧ. ಕಡಲಕುದುರೆಗೂ ಇದೇ ಮಾತು. ಇದನ್ನು ಹೇಳಲು ಶಿಷ್ಯನ ಮುಖ ಕಳೆಗುಂದಿತು. "ಸರ್, ಒಂದ್ ತುಂಡಿನಿಂದ ಸಮುದ್ರ ಬರಿದಾಗ್ತದೇನ್ರಿ?" ಎಂದನು.

ಕಾಯಿದೆಯ ಬಾಯಿಮಾತಿನಿಂದ ಅವನನ್ನು ಒಪ್ಪಿಸಲು ನಮಗೆ ಮನಸ್ಸಾಗಲಿಲ್ಲ. ಹವಳವೆಂದರೇನೆಂಬದನ್ನೇ ಹೇಳಿದೆವು. ಅಮರಕೋಶದಲ್ಲಿ ಅದಕ್ಕೆ ವಿದ್ರುಮ, ಪ್ರವಾಲ ಎಂಬ ಹೆಸರುಗಳಿವೆ. ದ್ರುಮವೆಂದರೆ ಮರ, ಪ್ರವಾಲವೆಂದರೆ ಚಿಗುರು. ನಮ್ಮ ಹಿಂದಿನವರು ಅದನ್ನು ಗಿಡವೆಂದು ಬಗೆದದ್ದು ಹೆಸರಿನಲ್ಲಿಯೇ ಕಾಣುತ್ತದೆ. ಯುರೋಪಿನವರೂ ಹಾಗೆಯೇ ತಿಳಿದಿದ್ದರು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳದ 'ಹೂವು'ಗಳು ಹೂವಲ್ಲ, ಪ್ರಾಣಿಗಳೆಂದು ಕಂಡುಹಿಡಿದು ಬರೆಯಲು, ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಅದನ್ನು ಮಂಡಿಸಿದ ರಿಯೋಮುರ್ ಮಹಾಶಯರು, ಪಾಪ, ಆ ಮನುಷ್ಯನು ನಗೆಗೀಡಾದಾನೆಂದು ಅವನ ಹೆಸರನ್ನೇ ಹೇಳಲಿಲ್ಲ! ನಿಜವನ್ನು ಕಂಡವನ ಹೆಸರನ್ನು ದಯೆಯಿಂದ ಮುಚ್ಚಿಟ್ಟದ್ದು ಎಂಥ ವಿಚಿತ್ರ. ಇರಲಿ. ಹವಳವು ಸಣ್ಣ ಪ್ರಾಣಿಗಳ ಕೇರಿ. ಅವು ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಅಡಿಗೆ ಮಾಡಿ ಒಡೆಯನಿಗೆ ಉಣಿಸುತ್ತವೆ. ಕಡಲಿನ ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಮೇಲೇರಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಈ ಪಾಚಿಗಳು ಹೊರಬಿದ್ದು ಹವಳವು ಬಿಳಿಚಿಕೊಳ್ಳುತ್ತದೆ. ಬಹುದಿನ ಹೀಗಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದಲ್ಲಿಯೂ ಮನ್ನಾರ ಕೊಲ್ಲಿಯಲ್ಲಿಯೂ ಹೀಗೆಯೇ ಆಯಿತು. 2010ರಲ್ಲಿ, 2016ರಲ್ಲಿ ಮತ್ತೆ ಆಯಿತು. 2024ರ ಏಪ್ರಿಲದಲ್ಲಿ ಜಗತ್ತಿನ ಕಡಲುಗಳಲ್ಲೆಲ್ಲ ನಾಲ್ಕನೆಯ ಸಲ ಇದು ಹಬ್ಬಿತೆಂದು ಸಾರಿದರು. ಮನ್ನಾರ ಕೊಲ್ಲಿಯ 21 ನಡುಗಡ್ಡೆಗಳಲ್ಲಿ ಎರಡು ನೀರೊಳಗೆ ಮುಳುಗಿಹೋಗಿವೆ. ಸುಣ್ಣದ ಸಲುವಾಗಿ ಹವಳವನ್ನು ಅಗೆದು ಸಾಗಿಸಿದ್ದೇ ಅದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಾರೆ. ಅಲ್ಲಿ ಅಗೆದವರೂ ಒಂದೊಂದು ಬುಟ್ಟಿಯನ್ನೇ ಹೊತ್ತವರು.

ನಮ್ಮ ಕರ್ನಾಟಕದಲ್ಲಿಯೂ ಮುರ್ಡೇಶ್ವರದ ಎದುರಿಗೆ ನೇತ್ರಾಣಿ ನಡುಗಡ್ಡೆಯ ಸುತ್ತ ಹವಳವುಂಟು. ದಡದಲ್ಲಿ ನಿಂತು ಆ ಕಡೆಗೆ ಕೈ ತೋರಿಸಿದ್ದು ಬಿಟ್ಟರೆ ನಾವು ಹೆಚ್ಚಿಗೆ ಕಂಡದ್ದಿಲ್ಲ. ನೀರಿಗಿಳಿಯುವ ವಯಸ್ಸು ಮೀರಿತು.

ಶಿಷ್ಯನು ಎಲ್ಲವನ್ನೂ ತಲೆತಗ್ಗಿಸಿ ಕೇಳಿದನು. ಮಾರುವವನಿಗೆ ಬೇಡವೆಂದು ತಿಳಿಸಿದನು. ನಾಲ್ಕು ಸಾವಿರ ರೂಪಾಯಿ ಮರಳಿ ಬರಲಿಲ್ಲ. ಅವನೂ ಎರಡು ತಿಂಗಳು ನಮ್ಮ ಮನೆಯ ಕಡೆಗೆ ಬರಲಿಲ್ಲ. ಎಲ್ಲರ ಎದುರಿಗೆ ಅವನನ್ನು ಹುಡುಗನಂತೆ ನಿಲ್ಲಿಸಿ ಪಾಠ ಹೇಳಿದೆವೆಂದು ನಮ್ಮ ಮನೆಯವರು ನಮ್ಮ ಮೇಲೆ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು. ಅವನು ನಾಲ್ವತ್ತರ ಹತ್ತಿರದ ಸಂಸಾರಿ. ಒಳಗೆ ಕರೆದು ಹೇಳಬಹುದಾಗಿತ್ತು.

ಅಷ್ಟರಲ್ಲಿ ಬೇಸಿಗೆ ಬಂದಿತು. ನಮ್ಮೂರ ಬೇಸಿಗೆಯನ್ನು ಬಲ್ಲವರು ಬಲ್ಲರು. ನಾಲ್ವತ್ತು ಡಿಗ್ರಿ ದಾಟುವದು ಇಲ್ಲಿ ಸುದ್ದಿಯಲ್ಲ. ನೀರಿನ ಮೇಲೆ ಸಣ್ಣ ಪಂಖ ಹಚ್ಚಿ, ಮಡಕೆಯ ನೀರು ತಣಿಯುವ ಯುಕ್ತಿಯಿಂದಲೇ ತೊಟ್ಟಿಯನ್ನು ಎರಡು ಮೂರು ಡಿಗ್ರಿ ತಣಿಸುತ್ತಿದ್ದೆವು. ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಎದ್ದು ಎಲ್ಲೆಲ್ಲಿಯೋ ಕಂಬಗಳು ಬಿದ್ದವು, ವಿದ್ಯುತ್ತು ಹೋಯಿತು. ನಾಲ್ಕು ತಾಸಿಗೆ ಇನ್ವರ್ಟರಿನ ಬ್ಯಾಟರಿಯೂ ಮುಗಿಯಿತು. ಪಂಪು ನಿಂತರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಬಿಸಿ ನೀರಿನಲ್ಲಂತೂ ಮೊದಲೇ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ಲಂಡನ್ನಿನ ಅನ್ನಾ ಥಿನ್ ಎಂಬ ಮಹಿಳೆಯ ವೃತ್ತಾಂತವನ್ನು ನಾವು ಓದಿದ್ದೆವು. 1846ರಿಂದ ಮನೆಯಲ್ಲಿ ಹವಳಜಾತಿಯ ಪ್ರಾಣಿಗಳನ್ನು ವರ್ಷಗಟ್ಟಲೆ ಬದುಕಿಸಿದವಳು ಆಕೆ. ಪಂಪುಗಳಿಲ್ಲದ ಆ ಕಾಲದಲ್ಲಿ ಮನೆಯ ಆಳುಮಗಳು ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ತಾಸು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳಂತೆ. ಇದನ್ನು ಹಿಂದೊಮ್ಮೆ ಓದಿ ಹೇಳಿದಾಗ, "ಹೆಸರು ಒಡತಿದು, ತೋಳು ನೋವು ಆಕಿದು" ಎಂದಿದ್ದರು ನಮ್ಮ ಮನೆಯವರು. ಅಂದು ಆ ಕೆಲಸ ನಮ್ಮಿಬ್ಬರ ಪಾಲಿಗೆ ಬಂದಿತು. ಮೇಣಬತ್ತಿಯ ಬೆಳಕಿನಲ್ಲಿ ತಂಬಿಗೆಯಿಂದ ನೀರು ಮೊಗೆದು, ಒಂದು ಮೊಳ ಮೇಲಿನಿಂದ ಸುರಿಯುವದು, ಮತ್ತೆ ಮೊಗೆಯುವದು. ಕಾಲು ತಾಸಿಗೊಮ್ಮೆ ಕೈ ಬದಲಾಯಿಸುತ್ತಿದ್ದೆವು. ಮದುವೆಯಾಗಿ ಮೂವತ್ತೈದು ವರ್ಷಗಳಲ್ಲಿ ನಾವಿಬ್ಬರೂ ಕೂಡಿ ಇಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದು ನೆನಪಿಲ್ಲ.

ನಡುರಾತ್ರಿ ದಾಟಿದ ಮೇಲೆ ಬಾಗಿಲ ಸಪ್ಪಳವಾಯಿತು. ಶಿಷ್ಯನು ಸ್ಕೂಟರಿನ ಕಾಲೆಡೆಯಲ್ಲಿ ದೊಡ್ಡ ಬ್ಯಾಟರಿಯನ್ನಿಟ್ಟುಕೊಂಡು ಬಂದಿದ್ದನು. ನಾವು ಕರೆದಿರಲಿಲ್ಲ; ಮನೆಯವರು ಫೋನ್ ಮಾಡಿದ್ದರೆಂದು ಆಮೇಲೆ ತಿಳಿಯಿತು. ಏನೊಂದೂ ಮಾತಾಡದೆ ತಂತಿ ಜೋಡಿಸಿ ಏರ್ ಪಂಪು ಹಚ್ಚಿದನು. ಗುಳ್ಳೆಗಳೆದ್ದವು. ಅಲ್ಲಿಂದ ಬಬಲೇಶ್ವರದವರಿಗೆ ಫೋನ್ ಮಾಡಿದನು. ಅಷ್ಟು ಹೊತ್ತಿಗೆ ಅಲ್ಲಿ ಎಲ್ಲವೂ ಮುಗಿದಿತ್ತು. ಟಿಕೋಟಾದವರಲ್ಲಿ ತೋಟದ ಜನರೇಟರು ಇದ್ದುದರಿಂದ ಏನೂ ಆಗಲಿಲ್ಲ. ನಮ್ಮ ಎರಡು ಮೀನುಗಳಲ್ಲಿ ದೊಡ್ಡದು ಬೆಳಗಾಗುವ ಮುಂಚೆ ಸತ್ತಿತು. ವಹಿಯಲ್ಲಿ ಅದನ್ನು ನಾವೇ ಬರೆದೆವು. ಕಾರಣದ ಸ್ತಂಭದಲ್ಲಿ "ಪಾಲಕರ ಅಜಾಗರೂಕತೆ" ಎಂದು ಹಾಕಿದೆವು. ಬ್ಯಾಟರಿಯಿಂದ ನಡೆಯುವ ಏರ್ ಪಂಪಿಗೆ ಕೆಲವು ನೂರು ರೂಪಾಯಿ. ಅದನ್ನು ಕೊಳ್ಳೋಣವೆಂದು ಶಿಷ್ಯನು ಮೂರು ಸಲ ಹೇಳಿದ್ದನು.

ಈಗ ನಾಲ್ಕು ಮನೆಗಳಲ್ಲಿಯೂ ಆ ಪಂಪು ಇದೆ. ತಿಂಗಳಿಗೆ ನೂರು ರೂಪಾಯಿ ವರ್ಗಣಿ ಕೂಡಿಸಿ ಒಂದು ದೊಡ್ಡ ಬ್ಯಾಟರಿಯನ್ನು ಶಿಷ್ಯನ ಅಂಗಡಿಯಲ್ಲಿ ಯಾವಾಗಲೂ ತುಂಬಿಸಿ ಇಟ್ಟಿರುತ್ತೇವೆ. ಹವಳದ ವಿಷಯದಲ್ಲಿ ನಿಯಮವನ್ನು ಬರೆದಿಟ್ಟವನು ಅವನೇ: ನಮ್ಮ ತೊಟ್ಟಿಗಳಲ್ಲಿ ಹವಳವಿಲ್ಲ, ಹವಳದ ಕಲ್ಲೂ ಇಲ್ಲ. ಸಿಮೆಂಟಿನಿಂದ ತೂತುತೂತಾಗಿ ಮಾಡಿದ ಕಲ್ಲು, ಕುಂಬಾರರ ಒಡೆದ ಮಡಕೆ, ಇಷ್ಟೇ. ಮೀನುಗಳನ್ನೂ ಸಾಕಿದ ಮರಿಗಳಾಗಿದ್ದರೆ ಮಾತ್ರ ಕೊಳ್ಳುವದೆಂದು ಗೊತ್ತು ಮಾಡಿದ್ದೇವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೊದಲಾದ ಬಣ್ಣದ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದ್ದಾರೆ. ಕಡಲಿನಿಂದ ಬಾಚಿ ತಂದ ಮೀನು ನಮಗೇಕೆ? ಸಾವಿರ ವರ್ಷಕ್ಕೆ ಹತ್ತಿರ ಬಂದಿತು, ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ಬರೆದು, ಕಡಲ ಮೀನು ಯಾವವು, ಹೊಳೆಯ ಮೀನು ಯಾವವು, ಯಾವದಕ್ಕೆ ಏನು ತಿನ್ನಿಸಬೇಕೆಂದು ವಿವರಿಸಿದನು. ಅವನ ವಿನೋದವು ಗಾಳ ಹಾಕಿ ಹಿಡಿಯುವದು. ನಮ್ಮದು ಬೇರೆ. ಆ ಪ್ರಕರಣವನ್ನು ಒಂದೊಂದು ರವಿವಾರ ಸ್ವಲ್ಪಸ್ವಲ್ಪವಾಗಿ ಸಂಘದವರಿಗೆ ಓದಿ ಅರ್ಥ ಹೇಳುತ್ತಿದ್ದೇವೆ. ಟಿಕೋಟಾದವರು ಮಾತ್ರ ನಿದ್ದೆ ಹೋಗುತ್ತಾರೆ.

ಉಳಿದ ಮೀನಿನ ಸಂಗತಿ ಒಂದಿದೆ. ದೊಡ್ಡದು ಸತ್ತ ಮೇಲೆ ಅದು ಒಡೆದ ಮಡಕೆಯೊಳಗಿಂದ ವಾರಗಟ್ಟಲೆ ಹೊರಗೆ ಬರಲಿಲ್ಲ. ಶ್ರಾವಣದಲ್ಲಿ ಶಿಷ್ಯನು ಬೆರಳುಗುರಿನಷ್ಟು ಸಣ್ಣದೊಂದು ಮರಿಯನ್ನು ತಂದು ಜೊತೆಗೆ ಬಿಟ್ಟನು. ಕ್ಲೌನ್ ಮೀನುಗಳ ಕ್ರಮವೇ ವಿಲಕ್ಷಣ: ಮೊದಲು ಎಲ್ಲವೂ ಗಂಡು, ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಆ ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗಿ ಮನೆಯ ಯಜಮಾನಿಕೆಯನ್ನು ವಹಿಸುತ್ತದೆ. ಹೀಗೆ ನಮ್ಮ ವಿಧುರನು ಈಗ ಮೈದುಂಬಿ, ಮಡಕೆಯ ಬಾಯಲ್ಲಿ ನಿಂತು ಹೊಸ ಮರಿಯನ್ನು ಗದರಿಸುತ್ತಿದ್ದಾನೆ, ಅಥವಾ ಗದರಿಸುತ್ತಿದ್ದಾಳೆ. ಇದನ್ನು ಕೇಳಿ ನಮ್ಮ ಮನೆಯವರು ಬಹಳ ಹೊತ್ತು ನಂಬಲಿಲ್ಲ. ಸಂಸ್ಕೃತದಲ್ಲಿ ಹೆಂಡತಿಯೆಂಬ ಒಂದೇ ಅರ್ಥಕ್ಕೆ ದಾರ ಶಬ್ದವು ಪುಲ್ಲಿಂಗ, ಕಲತ್ರವು ನಪುಂಸಕಲಿಂಗ, ಭಾರ್ಯೆಯು ಸ್ತ್ರೀಲಿಂಗ. ನಮ್ಮ ವ್ಯಾಕರಣದಲ್ಲಿಯೇ ಇಷ್ಟಿರುವಾಗ ಮೀನಿನಲ್ಲೇನು ಆಶ್ಚರ್ಯ, ಎಂದು ನಾವು ಸಮಾಧಾನ ಹೇಳಲು,

"ವ್ಯಾಕರಣ ಇರಲಿ ಬಿಡ್ರಿ," ಎಂದರು ಅವರು, "ತಂಬಿಗಿ ಮಾತ್ರ ಟಾಕಿ ಹತ್ರನs ಇರ್ಲಿ. ಮತ್ತ ಮಳಿ ಬರೂ ಹಂಗ ಕಾಣ್ತದ."